ಬಚ್ಚಲಿನ ಒಳಚಿಲಕ

ಹಳೆಯ ಮನೆಯ ಬಚ್ಚಲನ್ನು ಒಡೆದು ಕಟ್ಟಿಸುವ ವಿಷಯವೂ ಆಪ್ತಸಲಹೆಗೆ ಬರುತ್ತದೆ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ವಯಸ್ಸಾದವರಿರುವ ಕುಟುಂಬಗಳಲ್ಲಿ ಈ ಜಗಳವನ್ನು ನಾನು ಮತ್ತೆ ಮತ್ತೆ ಕಾಣುತ್ತಿರುವುದರಿಂದಲೇ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಕುಟುಂಬದವರ ಒಪ್ಪಿಗೆ ಪಡೆದು ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ಹೆಂಚಿನ ಮನೆ. ಎಪ್ಪತ್ತು ದಾಟಿದ ತಾಯಿ, ಮಗ, ಸೊಸೆ ಮತ್ತು ಇಬ್ಬರು ಮಕ್ಕಳಿಗೆ ಸೇರಿ ಇರುವುದು ಏಳಡಿ ಉದ್ದ, ಐದಡಿ ಅಗಲದ ಒಂದೇ ಬಚ್ಚಲು. ಅದರ ಒಂದು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು, ಇನ್ನೊಂದು ಮೂಲೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ. ತಾಯಿ ಅಲ್ಲಿ ಜಾರಿಬಿದ್ದ ಮೇಲೆ ಮಗ ಎಲ್ಲವನ್ನೂ ಒಡೆಸಿ ವೆಸ್ಟರ್ನ್ ಕಮೋಡ್, ಜಾರದ ಟೈಲ್ಸ್, ಗ್ಯಾಸ್ ಗೀಸರ್ ಹಾಕಿಸಲು ಹೊರಟರು. ತಾಯಿ ಬೇಡವೆಂದರು. ಮಾತು ಬೆಳೆದು, ಕೊನೆಗೆ ತಾಯಿ ಮಗನ ನಡುವೆ ಮಾತೇ ನಿಂತಿತು. ಹಂಡೆಯ ಮೇಲಿನ ಮೋಹಕ್ಕೆ ಅತ್ತೆ ಹಠ ಹಿಡಿದಿದ್ದಾರೆ ಎಂಬುದು ಸೊಸೆಯ ನಂಬಿಕೆಯಾಗಿತ್ತು. "ಅಮ್ಮನನ್ನು ಹೇಗಾದರೂ ಒಪ್ಪಿಸಿ" ಎಂಬುದು ಮಗನ ಕೋರಿಕೆ.

ಒಪ್ಪಿಸುವ ಕೆಲಸವನ್ನು ನಾನು ವಹಿಸಿಕೊಳ್ಳಲಿಲ್ಲ. ಮೂವರನ್ನೂ ಕೂರಿಸಿಕೊಂಡು, ಬೆಳಿಗ್ಗೆ ಎದ್ದಾಗಿನಿಂದ ಸ್ನಾನ ಮುಗಿಯುವವರೆಗೆ ಏನೇನು ಮಾಡುತ್ತೀರಿ ಎಂದಷ್ಟೇ ತಾಯಿಯನ್ನು ಕೇಳಿದೆ. ಯಾರೂ ಏಳುವ ಮೊದಲೇ, ಕತ್ತಲಿರುವಾಗಲೇ ಬಚ್ಚಲಿಗೆ ಹೋಗಿ ಬರುವುದಾಗಿಯೂ, ರಾತ್ರಿ ಏಳಬೇಕಾದೀತು ಎಂದು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿರುವುದಾಗಿಯೂ ಅವರು ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದು, ನನ್ನನ್ನು ನೋಡದೆ ಹೇಳಿದರು: "ಒಳಗಡೆ ಚಿಲಕವೇ ಬೇಡ ಅಂತ ಮೇಸ್ತ್ರಿಗೆ ಹೇಳ್ತಾ ಇದ್ದ. ಹಜಾರದಲ್ಲಿ ಕೂತು ಕೇಳಿಸ್ಕೊಂಡೆ. ನಾನು ಒಳಗಿದ್ದಾಗ ಹುಡುಗರು ಬಾಗಿಲು ತಳ್ಳಿದ್ರೆ? ಬಂದವರು ಯಾರಾದ್ರೂ ತಳ್ಳಿದ್ರೆ? ಹಂಡೆ ಬೇಕಾದ್ರೆ ಕಿತ್ತು ಹಾಕ್ಲಿ. ಚಿಲಕ ಹಾಕ್ಕೊಳ್ಳೋ ಹಾಗಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ಮಗನ ಮುಖ ಬಿಳಿಚಿಕೊಂಡಿತು. "ಅಮ್ಮಾ, ಅವತ್ತು ನೀನು ಬಿದ್ದಾಗ ಬಾಗಿಲು ಒಡೆಯೋಕೆ ಇಪ್ಪತ್ತು ನಿಮಿಷ ಆಯ್ತು. ಎಷ್ಟು ಕೂಗಿದ್ರೂ ಒಳಗಿಂದ ಉತ್ತರವೇ ಇಲ್ಲ" ಎಂದರು. ಆ ಇಪ್ಪತ್ತು ನಿಮಿಷಗಳ ಬಗ್ಗೆ ಅವರು ಹೆಂಡತಿಯ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ವೈದ್ಯರನ್ನು ಕಾಣುವುದು. ಏಕೆಂದರೆ ನೀರು ಕಡಿಮೆ ಮಾಡಿದ ವೃದ್ಧರಿಗೆ ಮೂತ್ರದ ಸೋಂಕು ತಗಲುವ ಅಪಾಯ ಹೆಚ್ಚು, ತಲೆಸುತ್ತು ಬಂದು ಮತ್ತೆ ಬೀಳುವ ಸಂಭವವೂ ಇದೆ. ಉಳಿದದ್ದು ಬಾಗಿಲಿನ ವಿಷಯ. ಚಿಲಕ ಇರಲಿ, ಆದರೆ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ಬಿಚ್ಚಿಕೊಳ್ಳುವಂಥದ್ದಾಗಿರಲಿ. ಬಾಗಿಲು ಹೊರಕ್ಕೆ ತೆರೆಯಲಿ, ಏಕೆಂದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಬಿದ್ದವರ ಮೈಯೇ ಅಡ್ಡವಾಗುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ತಿನ್ನುವ ಜಾಗವೂ ಉಳಿಯುತ್ತದೆ. ಹಿಡಿದುಕೊಳ್ಳುವ ಕಂಬಿಯ ಎತ್ತರವನ್ನು ಮೇಸ್ತ್ರಿ ನಿರ್ಧರಿಸುವುದು ಬೇಡ; ತಾಯಿಯೇ ಕುರ್ಚಿಯ ಮೇಲೆ ಕುಳಿತು, ಎದ್ದು, ಕೈ ಸಹಜವಾಗಿ ಹೋಗುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮಣ್ಣಿನ ಗಾರೆಯ ಹಳೆಯ ಗೋಡೆಯಲ್ಲಿ ಮಾಮೂಲಿ ಸ್ಕ್ರೂ ನಿಲ್ಲುವುದಿಲ್ಲವಾದ್ದರಿಂದ ಬೋಲ್ಟನ್ನು ಗೋಡೆಯ ಆಚೆ ಬದಿಯವರೆಗೂ ತೂರಿಸಿ, ಅಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಇಡಲೇಬಾರದೆಂದು ಖಂಡಿತವಾಗಿ ಹೇಳಿದೆ. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಸಣ್ಣ ಬಚ್ಚಲುಗಳಲ್ಲಿ ಅದು ಜೀವಗಳನ್ನು ತೆಗೆದಿದೆ.

ಚಿಲಕ, ಕಂಬಿಗಳ ಬಗ್ಗೆ ಮಾತನಾಡುವುದು ಎಂಜಿನಿಯರ್ ಕೆಲಸ, ಸಲಹೆಗಾರರದ್ದಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು. ನಾನು ಅದನ್ನು ಒಪ್ಪುವುದಿಲ್ಲ. ಮಾನದ ಪ್ರಶ್ನೆ ಒಂದು ಚಿಲಕದಲ್ಲಿ ಸಿಕ್ಕಿಕೊಂಡಿರುವಾಗ, ಅದನ್ನು ಬಿಟ್ಟು ಬರೀ ಭಾವನೆಗಳ ಬಗ್ಗೆ ಮಾತನಾಡಿ ಕಳುಹಿಸಿದರೆ ಆ ಮನೆಯವರು ಮರುದಿನ ಅದೇ ಬಾಗಿಲಿನ ಮುಂದೆ ಜಗಳವಾಡುತ್ತಾರೆ. ಇಂಥ ಕೆಲಸಕ್ಕೆ ಕೈಹಾಕುವವರಿಗೆ ನನ್ನ ವಿನಂತಿಯೆಂದರೆ, ಮೇಸ್ತ್ರಿಯನ್ನು ಕರೆಯುವ ಮೊದಲು ಹಿರಿಯರ ಜೊತೆ ಕುಳಿತುಕೊಳ್ಳಿ. ನಿಮಗೆ ಏನು ಬೇಕು ಎಂದು ಕೇಳಿದರೆ ಅವರು ಏನೂ ಬೇಡ ಎನ್ನುತ್ತಾರೆ. ಅವರ ದಿನ ಹೇಗೆ ನಡೆಯುತ್ತದೆ ಎಂದು ಕೇಳಿ. ಇರುವ ಒಂದೇ ಬಚ್ಚಲನ್ನು ಒಡೆದ ದಿನಗಳಲ್ಲಿ ಅವರು ಎಲ್ಲಿರಬೇಕು ಎಂಬುದನ್ನೂ ಅವರೇ ತೀರ್ಮಾನಿಸಲಿ. ಕೇಳದೆ ಮಗಳ ಮನೆಗೆ ಸಾಗಿಸಿದರೆ, ತಮ್ಮನ್ನು ಮನೆಯಿಂದಲೇ ಕಳುಹಿಸಿದರು ಎಂದುಕೊಳ್ಳುವವರನ್ನು ನಾನು ಕಂಡಿದ್ದೇನೆ.

ಈ ಮನೆಯಲ್ಲಿ ಕೆಲಸ ಮುಗಿದಿದೆ. ಹಂಡೆಯನ್ನು ತಾಯಿಯೇ ಹಿತ್ತಿಲಿಗೆ ಹಾಕಿಸಿದ್ದಾರೆ. ಕಮೋಡ್ ಅವರಿಗೆ ಇನ್ನೂ ಒಗ್ಗಿಲ್ಲ. ಬಿದ್ದ ದಿನದ ಬಗ್ಗೆ ತಾಯಿ ಮಗ ಇನ್ನೂ ಪೂರ್ತಿ ಮಾತನಾಡಿಲ್ಲವಾದ್ದರಿಂದ, ಅದಕ್ಕೆಂದೇ ಇಬ್ಬರನ್ನೂ ಮತ್ತೊಮ್ಮೆ ಬರಹೇಳಿದ್ದೇನೆ.