ಅಣ್ಣನಿಗೆ ಸಿಕ್ಕ ವಚನ, ತಮ್ಮನ ರಾಜೀನಾಮೆ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಆದರೂ ಕೆಲವರಿಗೆ ಇದು ತಮ್ಮದೇ ಕಥೆ ಅನ್ನಿಸಬಹುದು. ಇನ್ನೊಬ್ಬ ವಿಶ್ವಾಸಿಯ ಸಾಕ್ಷಿ, ಅಂದರೆ ದೇವರು ತನ್ನನ್ನು ನಡೆಸಿದ ಅನುಭವ, ಕೇಳಿ ಅದನ್ನೇ ತಮಗೂ ದೇವರ ಅಪ್ಪಣೆ ಅಂತ ಹಿಡಿದುಕೊಳ್ಳುವವರು ಕ್ರೈಸ್ತ ಸಭೆಗಳಿಂದ ನನ್ನ ಹತ್ತಿರ ಪದೇ ಪದೇ ಬರುತ್ತಿದ್ದಾರೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಒಂದು ಮಗು, ಮನೆ ಸಾಲ, ಆತನೊಬ್ಬನದೇ ಸಂಬಳ. ಸಭೆಯ ಹಿರಿಯ ಬ್ರದರ್ ಒಬ್ಬರು, ಈತ ಅಣ್ಣ ಅಂತ ಕರೆಯುವವರು, ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿದು, ದೇವರು ಹೇಗೆ ನಡೆಸಿದರು ಅಂತ ಸಾಕ್ಷಿ ಹೇಳಿದ್ದರು. ಅದನ್ನು ಕೇಳಿ ಈತನೂ ರಾಜೀನಾಮೆ ಬರೆದಿಟ್ಟಿದ್ದ. ಹೆಂಡತಿ ಒಪ್ಪಿರಲಿಲ್ಲ. ಅವಳಿಗೆ ನಂಬಿಕೆ ಕಡಿಮೆ ಅಂತ ಈತನ ದೂರು.

"ದೇವರು ನಿನಗೆ ಏನು ಹೇಳಿದರು?" ಅಂತ ಕೇಳಿದೆ.

"ಅಣ್ಣನಿಗೆ ದೇವರು ಕೊಟ್ಟ ಬೈಬಲ್ ವಚನವನ್ನೇ ನಾನೂ ಹಿಡ್ಕೊಂಡಿದ್ದೀನಿ. ಜಾರ್ಜ್ ಮುಲ್ಲರ್ ಕೂಡ ಸಂಬಳ ಬಿಟ್ಟೇ ಬದುಕಿದ್ರಲ್ವಾ?"

ನಿಜ. ಇಂಗ್ಲೆಂಡಿನಲ್ಲಿ ಸಭಾಪಾಲಕರಾಗಿದ್ದ ಮುಲ್ಲರ್ 1830ರಲ್ಲಿ ನಿಗದಿತ ಸಂಬಳ ಬೇಡ ಅಂದರು. 1836ರಲ್ಲಿ ಬ್ರಿಸ್ಟಲ್‌ನಲ್ಲಿ ಅನಾಥಾಲಯ ತೆರೆದು, ಯಾರ ಮುಂದೆಯೂ ಕೈ ಚಾಚದೆ ಪ್ರಾರ್ಥನೆಯಿಂದಲೇ ಸಾವಿರಾರು ಮಕ್ಕಳನ್ನು ಸಾಕಿದರು. ಆದರೆ ಅವರಿಗೂ ಒಬ್ಬ ಮಾದರಿ ಇದ್ದರು, ಜರ್ಮನಿಯ ಹಾಲೆಯಲ್ಲಿ ಅನಾಥಾಲಯ ಕಟ್ಟಿದ ಫ್ರಾಂಕೆ. ಫ್ರಾಂಕೆಯ ಬದುಕಿನ ಕಥೆ ಓದಿ ಅನಾಥಾಲಯದ ಆಸೆ ಮತ್ತೆ ಎದ್ದಾಗ ಮುಲ್ಲರ್ 1835ರ ದಿನಚರಿಯಲ್ಲಿ ಬರೆದುಕೊಂಡದ್ದು, ಇದು ಫ್ರಾಂಕೆಯನ್ನು ಅನುಕರಿಸುವುದಕ್ಕಲ್ಲ, ಕರ್ತನನ್ನೇ ಆತುಕೊಂಡು ಮಾಡುವುದಕ್ಕೆ ಅಂತ. ಆಮೇಲೂ ತನ್ನ ಮನಸ್ಸನ್ನು ಪರೀಕ್ಷಿಸಿಕೊಳ್ಳುತ್ತಾ ಪ್ರಾರ್ಥಿಸಿದರು. ಇದನ್ನು ಹೇಳಿ, "ನೀನು ಇದಕ್ಕಾಗಿ ಯಾವಾಗ ಪ್ರಾರ್ಥಿಸಿದೆ?" ಅಂದೆ.

ಆತ ಸುಮ್ಮನಿದ್ದ. ಹೆಂಡತಿ ಮೆಲ್ಲಗೆ, "ಪ್ರಾರ್ಥನೆ ಮಾಡೋಣ ಅಂದ್ರೆ, ಉತ್ತರ ಆಗ್ಲೇ ಸಿಕ್ಕಿದೆ ಅಂದ್ರು" ಅಂದಳು.

ಆತ ವಾದ ಮಾಡಲಿಲ್ಲ. ಆಗ ಬೈಬಲಿನ ರಾಜ ದಾವೀದನ ವಿಷಯ ತೆಗೆದೆ. ರೆಫಾಯೀಮ್ ಕಣಿವೆಗೆ ಅವನ ಶತ್ರುಗಳಾದ ಫಿಲಿಷ್ಟಿಯರು ಬಂದಾಗ ಅವನು ದೇವರನ್ನು ಕೇಳಿದ, ಹೋಗು ಅಂದರು, ಗೆದ್ದ. ಮತ್ತೆ ಅದೇ ಶತ್ರು ಅದೇ ಕಣಿವೆಗೆ ಬಂದ. ದಾವೀದ ಮತ್ತೆ ಕೇಳಿದ! ಈ ಸಲ ನೇರವಾಗಿ ಹೋಗಬೇಡ, ಹಿಂದಿನಿಂದ ಸುತ್ತಿಕೊಂಡು ಹೋಗು ಅಂದರು. ತಾನೇ ಗೆದ್ದಿದ್ದ ದಾರಿಯನ್ನೂ ಅವನು ನಕಲು ಮಾಡಲಿಲ್ಲ. ಹಾಗಿರುವಾಗ ಇನ್ನೊಬ್ಬರ ಸಾಕ್ಷಿಯನ್ನು ನಾವು ಅಪ್ಪಣೆ ಅಂತ ತೆಗೆದುಕೊಳ್ಳುವುದು ಹೇಗೆ? ಸಾಕ್ಷಿ ನಮಗೆ ಕೇಳುವ ಧೈರ್ಯ ಕೊಡುತ್ತದೆ. ಕೇಳುವ ಕೆಲಸ ನಮ್ಮದೇ.

ನಾನು ಹೇಳಿದ್ದು ಇಷ್ಟು. ರಾಜೀನಾಮೆ ಈಗ ಬೇಡ. ಇಬ್ಬರೂ ಒಟ್ಟಿಗೆ ಕೂತು ಪ್ರಾರ್ಥಿಸಿ. ಬಿಡುವಿನಲ್ಲಿ ಆಗುವ ಸೇವೆ ಇವತ್ತೇ ಶುರು ಮಾಡಿ. ಆ ಅಣ್ಣನ ಮನೆಗೆ ಹೋಗಿ, ಸಾಕ್ಷಿಯಲ್ಲಿ ಹೇಳದೆ ಬಿಟ್ಟದ್ದೇನು ಅಂತ ಕೇಳಿ. ಹೋದರು. ಅಣ್ಣ ವರ್ಷಗಟ್ಟಲೆ ಕಾದಿದ್ದರಂತೆ, ಹೆಂಡತಿ ಒಪ್ಪುವ ತನಕ ಹೆಜ್ಜೆ ಇಟ್ಟಿರಲಿಲ್ಲವಂತೆ.

ಒಬ್ಬ ಸೇವಕನನ್ನು ತಡೆದಿರಿ ಅಂತ ಕೆಲವರು ನನ್ನ ಮೇಲೆ ಬೇಸರ ಮಾಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ದೇವರ ಕರೆ ಕೆಲವು ತಿಂಗಳು ಕಾದರೆ ಆರಿಹೋಗುವಂಥದ್ದಲ್ಲ. ಅಪೊಸ್ತಲ ಪೌಲ ಕೊರಿಂಥ ಪಟ್ಟಣದಲ್ಲಿ ಗುಡಾರದ ಕಸುಬು ಮಾಡಿಕೊಂಡೇ ಸುವಾರ್ತೆ ಸಾರಿದ, ಅದರಿಂದ ಅವನ ಸೇವೆ ಸಣ್ಣದಾಗಲಿಲ್ಲ. ಇನ್ನು ಯಾರಿಗೋ ಪ್ರಾರ್ಥನೆಯಿಂದ ಸ್ವಸ್ಥತೆ ಆಯಿತು ಅಂತ ತಮ್ಮ ಇನ್ಸುಲಿನ್ ನಿಲ್ಲಿಸುವವರಿಗೆ ನಾನು ಇದಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ: ಮೊದಲು ಡಾಕ್ಟರ್ ಹತ್ತಿರ ನಡೆಯಿರಿ, ಪ್ರಾರ್ಥನೆ ದಾರಿಯಲ್ಲೇ ಮಾಡೋಣ.

ಆತ ಈಗಲೂ ಕೆಲಸದಲ್ಲಿದ್ದಾನೆ. ಶನಿವಾರ ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋಗಿ, ನೋಡಿಕೊಳ್ಳುವವರಿಲ್ಲದ ರೋಗಿಗಳ ಜೊತೆ ಇರುತ್ತಾರೆ. ಪೂರ್ಣಾವಧಿ ಸೇವೆಗೆ ಇನ್ನೂ ಉತ್ತರ ಬಂದಿಲ್ಲ. ಈಗ ಇಬ್ಬರೂ ಕೇಳುತ್ತಿದ್ದಾರೆ.