ದೊಡ್ಡ ಮೋಟಾರ್ ಆಮೇಲೆ, ಮೊದಲು ಎತ್ತರ ಅಳೆಯಿರಿ

ಪ್ರಶ್ನೆ: ನಮ್ಮ ಮನೆ ಶರಾವತಿ ಹಿನ್ನೀರಿನ ದಂಡೆಯಲ್ಲಿದೆ. ಸಿಗಂದೂರು ಸೇತುವೆ ಆಯ್ತು ನಿಜ, ಆದರೆ ತೋಟ ಆಚೆ ದಡದಲ್ಲಿ, ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಹಾಗಾಗಿ ದೋಣಿಯೇ ಗತಿ. 14 ಅಡಿಯ ಫೈಬರ್ ದೋಣಿ, 8 ಎಚ್‌ಪಿಯ ಹಳೇ ಮೋಟಾರ್. ಮಳೆಗಾಲಕ್ಕೆ ಮುಂಚೆ ಮೋಟಾರ್ ಕೂರಿಸುವ ಹಿಂಬದಿ ಹಲಗೆಯ ಮೇಲಂಚು ಮೆತ್ತಗಾಗಿದೆ ಅಂತ ಅದರ ಮೇಲೆ ಎರಡಿಂಚಿನ ಹಲಸಿನ ಪಟ್ಟಿ ಹೊಡೆಸಿದೆ. ಆಮೇಲಿಂದ ದೋಣಿ ತಿರುಗಿಸಿದರೆ ಸಾಕು, ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಒಬ್ಬನೇ ಹೋದರೆ ಮೂತಿ ಮೇಲಕ್ಕೆದ್ದು ಎದುರಿನ ದಾರಿಯೇ ಕಾಣುವುದಿಲ್ಲ. 15 ಎಚ್‌ಪಿ ಹಾಕಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಹಾಕಿಸಲಾ?
— ತುಮರಿ ಕಡೆಯ ಓದುಗರು

ಉತ್ತರ: ಬೇಡ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ, ಅದು ಆ ಹಲಸಿನ ಪಟ್ಟಿ.

ಪಟ್ಟಿ ಎರಡಿಂಚು ಅಂದರೆ ಮೋಟಾರ್ ಎರಡಿಂಚು ಮೇಲೆ ಹೋಯ್ತು, ಅಲ್ವಾ? ಫ್ಯಾನೂ ಅಷ್ಟೇ ಮೇಲೆ ಬಂತು. ನೇರ ಹೋಗುವಾಗ ಹೇಗೋ ನಡೆಯುತ್ತದೆ. ತಿರುಗುವಾಗ ದೋಣಿ ಒಂದು ಕಡೆ ವಾಲುತ್ತದೆ, ಮೇಲಿನ ಗಾಳಿ ಸೀದಾ ಫ್ಯಾನಿಗೆ ಇಳಿಯುತ್ತದೆ. ನೀರನ್ನು ತಳ್ಳಬೇಕಾದ ಫ್ಯಾನು ನೊರೆಯಲ್ಲಿ ಸುಮ್ನೆ ಸುತ್ತುತ್ತದೆ. ನೀವು ಕೇಳುವ ಕಿರುಚಾಟ ಅದೇ. ಈ ಎತ್ತರದಲ್ಲಿ 15 ಎಚ್‌ಪಿ ಕೂರಿಸಿದರೆ ಅದೂ ಕಿರುಚುತ್ತದೆ, ಜೊತೆಗೆ ಅದರ ತೂಕಕ್ಕೆ ಹಿಂಬದಿ ಇನ್ನಷ್ಟು ಕೂರುತ್ತದೆ.

ಅಳೆಯುವುದು ಸುಲಭ. ದೋಣಿಯನ್ನು ದಡಕ್ಕೆ ಎಳೆದು ಮೋಟಾರ್ ಪೂರ್ತಿ ಇಳಿಯುವಷ್ಟು ಎತ್ತರಕ್ಕೆ ಹಿಂಬದಿಗೆ ಕಲ್ಲೋ ದಿಮ್ಮಿಯೋ ಕೊಡಿ. ಗಾರೆ ಕೆಲಸದವರ ಹತ್ತಿರ ಅಲ್ಯೂಮಿನಿಯಂ ಪಟ್ಟಿ ಇರುತ್ತಲ್ಲ, ಅದನ್ನು ತಂದು ದೋಣಿಯ ತಳಕ್ಕೆ ಉದ್ದಕ್ಕೆ ಒತ್ತಿ ಹಿಡಿದು, ಹಿಂದಕ್ಕೆ ಮೋಟಾರಿನ ಕಾಲಿನ ತನಕ ಚಾಚಿ. (ಅಡಿಕೆ ದಬ್ಬೆ ಬೇಡ, ಎಷ್ಟೇ ನೇರ ಕಂಡರೂ ಸ್ವಲ್ಪ ಬಾಗಿರುತ್ತದೆ.) ಫ್ಯಾನಿನ ಮೇಲ್ಗಡೆ ರೆಕ್ಕೆ ಥರ ಒಂದು ಚಪ್ಪಟೆ ತಟ್ಟೆ ಇದೆ, ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರೆ. ಮೇಲಿನ ಗಾಳಿ ಫ್ಯಾನಿಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ನಿಮ್ಮಂಥ ಸಣ್ಣ ದೋಣಿಗೆ ಆ ಪ್ಲೇಟ್ ತಳದ ಸಮಕ್ಕೆ, ಇಲ್ಲವೇ ಹೆಚ್ಚೆಂದರೆ ಒಂದಿಂಚು ಕೆಳಗೆ ಇರಬೇಕು. ಪಟ್ಟಿ ಹೊಡೆಯುವ ಮುಂಚೆ ಸರಿಯಿದ್ದಿದ್ದರೆ ನಿಮ್ಮದು ಈಗ ಒಂದೆರಡಿಂಚು ಮೇಲೆ ನಿಂತಿರುತ್ತದೆ. ಮೋಟಾರ್ ಕೂರುವ ಜಾಗದಲ್ಲಷ್ಟೇ ಪಟ್ಟಿಯನ್ನು ಕತ್ತರಿಸಿ ಇಳಿಸಿ. ತಳದ ನಡುವೆ ಉದ್ದಕ್ಕೂ ಏಣು ಇರುವ ದೋಣಿಯಾದರೆ ಆ ಏಣಿನ ಹಿಂದೆ ನೀರು ಕಲಕಿಕೊಂಡೇ ಬರುತ್ತದೆ, ಆಗ ಇನ್ನರ್ಧ ಇಂಚು ಕೆಳಗಿದ್ದರೂ ತಪ್ಪಿಲ್ಲ.

ಆದರೆ ಅದಕ್ಕೂ ಮುಂಚೆ ಆ ಮೆತ್ತಗಾದ ಹಲಗೆ. ನನಗೆ ಹೆಚ್ಚು ಭಯ ಅದರದ್ದೇ. ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಒಳಗೆ ಇಳಿದರೆ ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ ಎಂದೇ ಅರ್ಥ, ಮೇಲೆ ಪಟ್ಟಿ ಹೊಡೆದು ಮುಚ್ಚುವುದರಿಂದ ಏನೂ ಆಗುವುದಿಲ್ಲ. ಎಂಜಿನ್ ತಳ್ಳುವ ಬಲವೆಲ್ಲ ಬೀಳುವುದು ಆ ಹಲಗೆಯ ಮೇಲೆ. ಒಳಗಿನ ಹಲಗೆ ಬದಲಾಯಿಸಿ, ಆಮೇಲೆ ಉಳಿದ ಮಾತು. ನನ್ನ ಮೊದಲ ದೋಣಿಯಲ್ಲಿ ಕ್ಲಾಂಪಿನ ಸ್ಕ್ರೂ ಸಡಿಲಾಗಿ, ನಡು ನೀರಲ್ಲಿ ಮೋಟಾರ್ ಹಲಗೆ ಬಿಟ್ಟು ಎದ್ದುಬಿಟ್ಟಿತ್ತು. ಕಟ್ಟಿದ್ದ ಸರಪಳಿಯಿಂದ ಉಳಿಯಿತು. ಕೈ ನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು. ಅವತ್ತಿನಿಂದ ಹೊರಟು ಕಾಲು ಗಂಟೆಗೆ ಒಮ್ಮೆ ನಿಲ್ಲಿಸಿ ಸ್ಕ್ರೂ ಮತ್ತೆ ಬಿಗಿ ಮಾಡುತ್ತೇನೆ. ನೀವೂ ಮಾಡಿ. ಸರಪಳಿ ಇಲ್ಲದೆ ದೋಣಿ ಬಿಡಲೇಬೇಡಿ.

ಇನ್ನು ಮೂತಿ ಏಳುವುದು. ಇದು ಬೇರೆ ತೊಂದರೆ, ಎತ್ತರಕ್ಕೂ ಇದಕ್ಕೂ ಗಂಟು ಹಾಕಬೇಡಿ. ಮೋಟಾರಿನ ಬ್ರಾಕೆಟ್‌ನಲ್ಲಿ ಸಾಲಾಗಿ ನಾಲ್ಕೈದು ತೂತು, ಅದರಲ್ಲಿ ಅಡ್ಡಕ್ಕೆ ಒಂದು ಪಿನ್ನು ಇರುತ್ತದೆ. ಪಿನ್ನು ಹೊರಗಿನ ತೂತಿನಲ್ಲಿದ್ದರೆ ಮೋಟಾರಿನ ಕಾಲು ದೋಣಿಯಿಂದ ದೂರ ನಿಲ್ಲುತ್ತದೆ. ಆಗ ಫ್ಯಾನಿನ ಬಲ ಹಿಂಬದಿಯನ್ನು ಕೆಳಗೆ ಅದುಮಿ ಮೂತಿಯನ್ನು ಎತ್ತುತ್ತದೆ. ಒಂದು ತೂತು ದೋಣಿಯ ಕಡೆಗೆ ತನ್ನಿ, ಓಡಿಸಿ ನೋಡಿ, ಸಾಲದಿದ್ದರೆ ಇನ್ನೊಂದು. ವೇಗದಲ್ಲಿ ಹೋಗುವಾಗ ಆ ಪ್ಲೇಟ್ ನೀರಿನ ಮಟ್ಟಕ್ಕೆ ಸಮಾನಾಂತರವಾಗಿ ನಿಂತಿರಬೇಕು. ತೀರಾ ಒಳಗೆ ತಂದರೆ ಮೂತಿ ನೀರಿಗೆ ಚುಚ್ಚುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಆಷಾಢದ ಗಾಳಿಗೆ ಹಿನ್ನೀರಿನಲ್ಲಿ ಅಲೆ ಎದ್ದಾಗ ಅದು ಅಪಾಯ.

ಒಬ್ಬರೇ ಹೋಗುವಾಗ ನೀವು, ಮೋಟಾರ್, ಪೆಟ್ರೋಲ್ ಟ್ಯಾಂಕ್ ಮೂರೂ ಹಿಂದೆಯೇ ಕೂತಿರುತ್ತೀರಿ ಅಂತ ಕಾಣುತ್ತದೆ. ಬಿಡಿ ಟ್ಯಾಂಕ್ ಆದರೆ ಪೈಪು ಎಟುಕುವಷ್ಟು ಮುಂದಿಡಿ, ಎರಡು ಕ್ಯಾನ್ ನೀರು ತುಂಬಿ ಮುಂದಿನ ಸೀಟಿನಡಿ ಇಡಿ. ಹ್ಯಾಂಡಲ್‌ಗೆ ಗಟ್ಟಿ ಪಿವಿಸಿ ಪೈಪಿನ ತುಂಡು ಬಿಗಿದು ನಡು ಸೀಟಿಗೆ ಬಂದು ಕೂತರೆ ಇನ್ನೂ ಒಳ್ಳೆಯದು. ಆಗ ಎಂಜಿನ್ ನಿಲ್ಲಿಸುವ ದಾರವನ್ನು ಕೈಗೆ ಕಟ್ಟಿಕೊಳ್ಳುವುದನ್ನು ಮರೆಯಬೇಡಿ.

ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದು ದಿನ ಎತ್ತರ, ಇನ್ನೊಂದು ದಿನ ಪಿನ್ನು. ಅಷ್ಟೇ ಜನ, ಅಷ್ಟೇ ಪೆಟ್ರೋಲ್ ಇಟ್ಟು ಹೋಗುತ್ತಾ ಬರುತ್ತಾ ಎರಡೂ ಕಡೆ ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡಿ ಬರೆದಿಡಿ. ಒಂದೇ ಕಡೆ ನೋಡಿದರೆ ಗಾಳಿ ಮೋಸ ಮಾಡುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ನಮ್ಮ ಭಾವನ ದೋಣಿಯಲ್ಲಿದ್ದ ಮೋಟಾರನ್ನು ಘಟ್ಟದ ಮೇಲೆ ತಂದೆ. ಅಲ್ಲಿ ಚೆನ್ನಾಗಿ ಓಡುತ್ತಿತ್ತು. ಇಲ್ಲಿ ಎಳೆಯುವುದೇ ಇಲ್ಲ, ಕಾಲಿನ ಎರಡೂ ಕಡೆ ನೀರು ಚಿಮ್ಮಿ ದೋಣಿಯೊಳಗೇ ಬೀಳುತ್ತದೆ.
— ಸಾಗರದ ಓದುಗರು

ಉತ್ತರ: ಭಾವನ ದೋಣಿಯ ಹಿಂಬದಿ ನಿಮ್ಮದಕ್ಕಿಂತ ಎತ್ತರ ಇದ್ದಿರಬೇಕು. ಬ್ರಾಕೆಟ್ ಹಲಗೆಯ ಮೇಲೆ ಕೂರುವ ಜಾಗದಿಂದ ಪ್ಲೇಟ್ ತನಕ ಟೇಪ್ ಹಿಡಿಯಿರಿ. ಸುಮಾರು 15 ಇಂಚಿದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್. 15 ಇಂಚಿನ ಹಲಗೆಗೆ ಲಾಂಗ್ ಶಾಫ್ಟ್ ಹಾಕಿದರೆ ಐದಿಂಚು ಕಾಲು ಸುಮ್ಮನೆ ನೀರಲ್ಲಿ ಅಡ್ಡ ನಿಂತು ಎಂಜಿನ್ನಿನ ಶಕ್ತಿ ತಿನ್ನುತ್ತದೆ. ಹಲಗೆಯನ್ನೇ ಎತ್ತರಿಸಿ ಕಟ್ಟಿಸಬೇಕು, ಬೋಲ್ಟು ಹಲಗೆಯ ಆಚೆಗೂ ಹಾದು ಬರುವ ಹಾಗೆ. ಐದಿಂಚಿನ ಬಿಡಿ ತುಂಡು ಇಟ್ಟು ಅದರ ಮೇಲೆ ಕ್ಲಾಂಪ್ ಬಿಗಿಯುವ ಕೆಲಸ ಬೇಡ. ಕೊನೆಯಲ್ಲಿ ಹೊಂದಿಸುವಾಗ ಅರ್ಧರ್ಧ ಇಂಚು ಎತ್ತಿ ನೋಡಿ. ತಿರುಗುವಾಗ ಎಂಜಿನ್ ಕಿರುಚಿದ ಕೂಡಲೇ ನಿಲ್ಲಿಸಿ, ಹಿಂದಿನ ಅಳತೆಗೆ ಇಳಿಸಿ. ಪ್ರತಿ ಸಲವೂ ಎಂಜಿನ್ನಿನಿಂದ ಬೀಳುವ ಸಣ್ಣ ನೀರಿನ ಧಾರೆ ನೋಡುತ್ತಿರಿ. ಅದು ತುಂಡಾದರೆ ತಂಪು ಮಾಡುವ ನೀರಿನ ಬದಲು ಗಾಳಿ ಎಳೆಯುತ್ತಿದೆ ಎಂದರ್ಥ, ಎಂಜಿನ್ ಸುಟ್ಟುಹೋದೀತು.

ಇನ್ನೊಂದು ವಿಷಯ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1,819 ಅಡಿ ಮೇಲೆ. ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗುತ್ತದೆ, ಸಾವಿರ ಅಡಿಗೆ ಎಂಜಿನ್ ಶಕ್ತಿ ಸುಮಾರು ನೂರಕ್ಕೆ ಮೂರರಷ್ಟು ಇಳಿಯುತ್ತದೆ. ಎತ್ತರ ಸರಿ ಮಾಡಿದ ಮೇಲೂ ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಪುಸ್ತಕದಲ್ಲಿ ಬರೆದಷ್ಟು ಸುತ್ತು ಮುಟ್ಟದಿದ್ದರೆ ಒಂದಿಂಚು ಕಡಿಮೆ ಪಿಚ್‌ನ (ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಫ್ಯಾನು ಮುಂದೆ ಸಾಗುವ ದೂರ) ಫ್ಯಾನು ಹಾಕಿ. ನಿಮಿಷಕ್ಕೆ 150ರಿಂದ 200 ಸುತ್ತು ಜಾಸ್ತಿ ಸಿಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ಮೋಟಾರಿಗೆ ತಾಗುತ್ತವೆ. ಮೋಟಾರ್ ಹಾರದ ಹಾಗೆ ಹಗ್ಗದಲ್ಲಿ ಕೆಳಕ್ಕೆ ಬಿಗಿದು ಕಟ್ಟಿದ್ದೇನೆ. ಸರಿಯಾ?
— ಹೊಸನಗರದ ಓದುಗರು

ಉತ್ತರ: ಇವತ್ತೇ ಬಿಚ್ಚಿ. ಬೊಡ್ಡೆ ತಾಗಿದಾಗ ಮೋಟಾರ್ ಮೇಲಕ್ಕೆ ಮಡಚಿಕೊಳ್ಳಲೇಬೇಕು, ಅದಕ್ಕೇ ಅದನ್ನು ಹಾಗೆ ಮಾಡಿರುವುದು. ಕಟ್ಟಿಹಾಕಿದರೆ ಆ ಏಟು ಸೀದಾ ಹಲಗೆಗೆ ಬೀಳುತ್ತದೆ. ರಿವರ್ಸ್‌ನಲ್ಲಿ ಏಳದಂತೆ ತಡೆಯಲು ಮೋಟಾರಿನಲ್ಲೇ ಲಾಕ್ ಇದೆ, ಅದು ಕೆಟ್ಟಿದ್ದರೆ ರಿಪೇರಿ ಮಾಡಿಸಿ. ನಿಮ್ಮ ಫ್ಯಾನಿಗೆ ಶಿಯರ್ ಪಿನ್ (ಏಟು ಬಿದ್ದಾಗ ತಾನು ಮುರಿದು ಮೋಟಾರನ್ನು ಉಳಿಸುವ ಪಿನ್ನು) ಇದ್ದರೆ ಎರಡು ಹೊಸ ಪಿನ್ನು, ಒಂದು ಪಕ್ಕಡ್ ದೋಣಿಯಲ್ಲೇ ಇರಲಿ. ಹುಟ್ಟು ಹೇಗೂ ಇರುತ್ತಲ್ಲ.