ಆ ಎರಡು ದಿನ ಎಲ್ಲಿ ಹೋಯಿತು?

ನಮಸ್ಕಾರ. ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳೋಕೆ ಆಗುವುದಿಲ್ಲ. ಬಿಟ್ಟುಬಿಡೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜಯನಗರದ ಸುಮಾ ಆರು ವಾರದ ಬಸುರಿ. ಸ್ವಲ್ಪ ಬ್ಲೀಡಿಂಗ್ ಆಗುತ್ತದೆ, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಿಸುವುದಿಲ್ಲ. "ಗರ್ಭಕೋಶದ ಬದಲು ಟ್ಯೂಬಲ್ಲಿ ನಿಂತಿರಬಹುದು, ಅಬಾರ್ಷನ್ ಆಗ್ತಿರಬಹುದು, ಇನ್ನೂ ತುಂಬಾ ಚಿಕ್ಕದಿರಬಹುದು, 48 ಗಂಟೆ ಬಿಟ್ಟು ಬೀಟಾ ಎಚ್‌ಸಿಜಿ ಮತ್ತೆ ಮಾಡಿಸಿ" ಅಂತಾರೆ ಡಾಕ್ಟರ್. ಬಸಿರಿನ ಹಾರ್ಮೋನ್ ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ ಅದು. ಆಮೇಲೆ ನೀವು "ಎರಡು ದಿನ ಕಳೆಯಿತು" ಅಂತ ಒಂದೇ ಸಾಲು ಬರೆದು ಮುಂದೆ ಓಡಿದ್ದೀರಿ.

ಆ ಎರಡು ದಿನವೇ ಕಥೆ ಅಲ್ವಾ? ತಾನು ಬಸುರಿಯೋ ಅಲ್ಲವೋ ಅಂತ ಅವಳಿಗೇ ಗೊತ್ತಿಲ್ಲ. ಬೆಳಗ್ಗೆ, ಬಸುರಿಯರಿಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಅಂಗೈಯಲ್ಲಿಟ್ಟುಕೊಂಡು, ನುಂಗಲೋ ಬೇಡವೋ ಅಂತ ನಿಂತಿರುತ್ತಾಳೆ. ಆಫೀಸಿನಲ್ಲಿ ಗಂಟೆಗೊಂದು ಸಲ ಬಾತ್‌ರೂಮಿಗೆ ಹೋಗಿ ನೋಡಿಕೊಳ್ಳುತ್ತಾಳೆ. ಮೆಟ್ರೋದಲ್ಲಿ ಗರ್ಭಿಣಿಯರ ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ರಕ್ತ ತೆಗೆದ ಜಾಗದ ಹತ್ತಿಯನ್ನು ಅವಳು ರಾತ್ರಿವರೆಗೂ ಕಿತ್ತಿಲ್ಲ ಅಂತ ನೀವೇ ಬರೆದಿದ್ದೀರಿ, ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ಅಂಥದ್ದು ಇನ್ನೂ ಬೇಕು.

ಎರಡು ದಿನದಲ್ಲಿ ಆ ಹಾರ್ಮೋನ್ 640 ಇದ್ದದ್ದು 790 ಆಯಿತು ಅಂತ ಬರೆದಿದ್ದೀರಲ್ಲ, ಆ ಲೆಕ್ಕ ಚೆನ್ನಾಗಿದೆ. ಏರಿದೆ, ಆದರೆ ಏರಬೇಕಾದಷ್ಟು ಏರಿಲ್ಲ. ಅಲ್ಲಿ ನಿಲ್ಲಿ, ಅವಳನ್ನೂ ನಿಲ್ಲಿಸಿ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಟ್ಯೂಬಿನಲ್ಲಿ ನಿಂತ ಬಸಿರನ್ನು ಗರ್ಭಕೋಶಕ್ಕೆ ಸಾಗಿಸೋಕೆ ಆಗುವುದಿಲ್ಲ, ನಿಮ್ಮ ಡಾಕ್ಟರ್ ಆ ಮಾತು ಆಡಬಾರದು. ಟ್ಯೂಬಿನ ಬಸಿರು ಬೆಳೆಯದಂತೆ ತಡೆಯುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟರೆ ಫೋಲಿಕ್ ಆಸಿಡ್ ನಿಲ್ಲಿಸಬೇಕು, ಏಕೆಂದರೆ ಆ ಔಷಧಿ ಫೋಲಿಕ್ ಆಸಿಡ್‌ಗೆ ಅಡ್ಡ ನಿಂತೇ ಕೆಲಸ ಮಾಡುವುದು. ನಾಲ್ಕನೇ ದಿನ, ಏಳನೇ ದಿನ ಮತ್ತೆ ಅದೇ ರಕ್ತ ಪರೀಕ್ಷೆ, ಆಮೇಲೆ ವಾರ ವಾರ. ಹೋದ ವಾರ ನಂಬರ್ ಏರಲಿ ದೇವರೇ ಅಂದವಳು ಈ ವಾರ ಇಳಿಯಲಿ ಅನ್ನಬೇಕು. ಇದನ್ನು ನೀವು ಬರೆದೇ ಇಲ್ಲ! ಕಥೆಯ ಕರುಳು ಇರುವುದು ಇಲ್ಲಿ.

ಇನ್ನೊಂದು. ರಾತ್ರಿಯೆಲ್ಲ ಹೊಟ್ಟೆ ನೋವು, ಹೆಗಲ ತುದಿ ನೋವು, ತಲೆಸುತ್ತು ಅಂದರೂ ಸುಮಾ ಯಾರನ್ನೂ ಎಬ್ಬಿಸುವುದಿಲ್ಲ, ಅದನ್ನು ನೀವು ಗಟ್ಟಿಗಿತ್ತಿ ಅಂತ ಹೊಗಳಿದ್ದೀರಿ. ದಯವಿಟ್ಟು ಬೇಡ. ಅದು ಟ್ಯೂಬ್ ಒಡೆದು ಒಳಗೇ ರಕ್ತ ಹೋಗುತ್ತಿರುವ ಸೂಚನೆ ಇರಬಹುದು, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಇದೇ ಸ್ಥಿತಿಯಲ್ಲಿರುವ ಯಾರೋ ನಿಮ್ಮ ಕಥೆ ಓದುತ್ತಾರೆ.

ನೀನು ಪಪ್ಪಾಯ ತಿಂದೆ, ಸ್ಕೂಟರ್ ಓಡಿಸಿದೆ, ಅದಕ್ಕೇ ಹೀಗಾಯ್ತು ಅಂತ ಸುಮಾಳನ್ನು ದೂರುವ ಅತ್ತೆ ಬರೀ ಕೆಟ್ಟವಳಾಗಿದ್ದಾಳೆ. ಅವರೂ ಒಂದು ಕಳೆದುಕೊಂಡಿದ್ದರೆ, ಆಗ ಅವರಿಗೂ ಯಾರೋ ಹೀಗೇ ಅಂದಿದ್ದರೆ? ಯೋಚಿಸಿ.

ಮುಂದಿನ ತಿಂಗಳೇ ಎರಡು ಗೆರೆ ಬರುವ ಕೊನೆ ತೆಗೆಯಿರಿ. ಆ ಇಂಜೆಕ್ಷನ್ ಆದಮೇಲೆ ಕನಿಷ್ಠ ಮೂರು ತಿಂಗಳು ಕಾಯಿರಿ ಅಂತಾರೆ. ಅದಿರಲಿ, ಇನ್ನೊಂದು ಮಗು ಬಂದ ಮಾತ್ರಕ್ಕೆ ಈ ದುಃಖ ವಾಸಿಯಾಗುತ್ತಾ? ಉಳಿದ ಮಾತ್ರೆಯ ಸ್ಟ್ರಿಪ್ಪನ್ನು ಸುಮಾ ಎಸೆದಳಾ, ಡ್ರಾಯರಿನಲ್ಲೇ ಇಟ್ಟಳಾ? ನನಗೆ ಅದು ಗೊತ್ತಾಗಬೇಕು.

ಇದು ನಿಮ್ಮದೇ ಅನುಭವವಾ ಅಂತ ನಾನು ಕೇಳುವುದಿಲ್ಲ. ಆಗಿದ್ದರೆ ಅವಸರ ಬೇಡ. ಮೂರು ತಿಂಗಳಾಗಲಿ, ವರ್ಷವಾಗಲಿ, ಬರೆಯುವಂತಾದಾಗ ನನ್ನ ಹೆಸರಿಗೇ ಕಳಿಸಿ.